ಉಚಿತ ಪ್ರೌಢಶಿಕ್ಷಣ ಮತ್ತು ಅವಕಾಶ ಸಮಾನತೆ: ಐರ್ಲೆಂಡಿನ 1967ರ ಯೋಜನೆ

ಪ್ರಾಥಮಿಕ ಶಾಲೆ ಮುಗಿಸಿದ ಮಕ್ಕಳಿಗೆ ಸುಮಾರು ಹನ್ನೆರಡನೆಯ ವಯಸ್ಸಿನಿಂದ ಹದಿನೆಂಟರವರೆಗೆ ಬೋಧನ ಶುಲ್ಕವಿಲ್ಲದೆ, ಸಾರ್ವಜನಿಕ ಹಣದಿಂದ ದೊರೆಯುವ ಶಾಲಾ ಶಿಕ್ಷಣವನ್ನು ಉಚಿತ ಪ್ರೌಢಶಿಕ್ಷಣವೆಂದು ಕರೆಯುತ್ತಾರೆ. ಮಗು ಯಾವ ಮನೆಯಲ್ಲಿ, ಯಾವ ವರ್ಗದಲ್ಲಿ, ಯಾವ ಊರಿನಲ್ಲಿ ಹುಟ್ಟಿತೆಂಬುದು ಅದರ ಓದಿನ ಮಿತಿಯನ್ನಾಗಲಿ ಮುಂದಿನ ಉದ್ಯೋಗವನ್ನಾಗಲಿ ನಿರ್ಧರಿಸದಿರುವ ಸ್ಥಿತಿಗೆ ಅವಕಾಶ ಸಮಾನತೆ ಎಂದು ಹೆಸರು. ಮೊದಲನೆಯದನ್ನು ಒದಗಿಸಿದರೆ ಎರಡನೆಯದು ತಾನಾಗಿಯೇ ಕೈಗೂಡುತ್ತದೆಂಬ ನಂಬಿಕೆ 20ನೆಯ ಶತಮಾನದ ಹಲವು ಸರ್ಕಾರಗಳ ಶಿಕ್ಷಣ ನೀತಿಗೆ ಬುನಾದಿಯಾಗಿತ್ತು. ಆ ನಂಬಿಕೆ ಎಷ್ಟರಮಟ್ಟಿಗೆ ನಿಜವಾಯಿತೆಂದು ಪರಿಶೀಲಿಸಲು ಐರ್ಲೆಂಡ್ ಗಣರಾಜ್ಯದ ಅನುಭವ ವಿಶೇಷವಾಗಿ ನೆರವಾಗುತ್ತದೆ. ಏಕೆಂದರೆ ಅಲ್ಲಿ ಬಹುಪಾಲು ಪ್ರೌಢಶಾಲೆಗಳ ಶುಲ್ಕ ಒಂದೇ ಸಲ, 1967ರ ಸೆಪ್ಟೆಂಬರಿನಲ್ಲಿ, ರದ್ದಾಯಿತು ಮತ್ತು ಅದಕ್ಕೆ ಹಿಂದಿನ ಹಾಗೂ ಮುಂದಿನ ತಲೆಮಾರುಗಳ ಶಿಕ್ಷಣದ ವಿವರಗಳನ್ನು ಸಮಾಜಶಾಸ್ತ್ರಜ್ಞರು ವರ್ಗವಾರು ಹೋಲಿಸಿ ನೋಡಿದ್ದಾರೆ.

ಹಿನ್ನೆಲೆ

ಪ್ರೌಢಶಾಲೆಯ ವೆಚ್ಚವನ್ನು ಸಮಾಜವೇ ಹೊರಬೇಕೆಂಬ ವಿಚಾರ ಮೊದಲು ಬೇರೂರಿದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಊರಿನ ತೆರಿಗೆಯಿಂದ ಹೈಸ್ಕೂಲು ನಡೆಸುವುದು ನ್ಯಾಯಸಮ್ಮತವೆಂದು ಮಿಶಿಗನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1874ರಲ್ಲಿ ಕ್ಯಾಲಮಜೂ ಪಟ್ಟಣದ ಮೊಕದ್ದಮೆಯಲ್ಲಿ ತೀರ್ಪು ನೀಡಿತು. 1910ರಲ್ಲಿ ಹತ್ತರಲ್ಲಿ ಒಬ್ಬ ಯುವಕ ಅಥವಾ ಯುವತಿಯೂ ಹೈಸ್ಕೂಲು ಮುಗಿಸದಿದ್ದ ಆ ದೇಶದಲ್ಲಿ 1940ರ ಹೊತ್ತಿಗೆ ಸುಮಾರು ಅರ್ಧದಷ್ಟು ಮಂದಿ ಮುಗಿಸತೊಡಗಿದ್ದರು. ಯುರೋಪಿನಲ್ಲಿ ಪ್ರೌಢಶಾಲೆ ಬಹುಕಾಲ ಮಧ್ಯಮ ಮತ್ತು ಮೇಲ್ವರ್ಗದವರ ಸೊತ್ತಾಗಿಯೇ ಉಳಿಯಿತು. ಇಂಗ್ಲೆಂಡಿನಲ್ಲಿ 1907ರ ನಿಯಮದಂತೆ ಅನುದಾನಿತ ಪ್ರೌಢಶಾಲೆಗಳ ಕಾಲುಭಾಗದಷ್ಟು ಸ್ಥಾನಗಳನ್ನು ಪ್ರಾಥಮಿಕ ಶಾಲೆಗಳಿಂದ ಬಂದ ಮಕ್ಕಳಿಗೆ ಉಚಿತವಾಗಿ ಕೊಡಬೇಕಾಗಿತ್ತು. ಎಲ್ಲರಿಗೂ ಪ್ರೌಢಶಿಕ್ಷಣ ಬೇಕೆಂದು 1922ರಲ್ಲಿ ಆರ್. ಎಚ್. ಟಾನಿ ವಾದಿಸಿದರೂ ಸರ್ಕಾರಿ ಶಾಲೆಗಳ ಶುಲ್ಕ ಪೂರ್ಣವಾಗಿ ರದ್ದಾಗಲು 1944ರ ಶಿಕ್ಷಣ ಕಾಯಿದೆಯವರೆಗೆ ಕಾಯಬೇಕಾಯಿತು. ಇದೇ ಬಗೆಯ ಕಾಯಿದೆ 1947ರಲ್ಲಿ ಉತ್ತರ ಐರ್ಲೆಂಡಿಗೂ ಬಂದಿತು. ಗಡಿಯ ಆ ಬದಿಯಲ್ಲಿ ಬಡ ಕ್ಯಾಥೊಲಿಕ್ ಕುಟುಂಬದಲ್ಲಿ ಹುಟ್ಟಿದ ಜಾನ್ ಹ್ಯೂಮ್‌ರಂಥವರು ಈ ಕಾಯಿದೆಯ ಫಲವಾಗಿ ಓದಿ ಮುಂದೆ ರಾಜಕೀಯ ನಾಯಕರಾದರೆ, ಗಡಿಯ ಈ ಬದಿಯಲ್ಲಿ, ಸ್ವತಂತ್ರ ಐರ್ಲೆಂಡಿನಲ್ಲಿ, ಅಂಥದೇ ಮನೆಯ ಮಕ್ಕಳು ಇನ್ನೂ ಇಪ್ಪತ್ತು ವರ್ಷ ಹೊರಗೇ ಉಳಿದರು.

ಸ್ವತಂತ್ರ ಐರ್ಲೆಂಡಿನ ಪ್ರೌಢಶಾಲೆಗಳು ಸರ್ಕಾರದವಾಗಿರಲಿಲ್ಲ. ಬಹುಪಾಲು ಶಾಲೆಗಳ ಒಡೆತನ ಕ್ಯಾಥೊಲಿಕ್ ಧಾರ್ಮಿಕ ಸಂಸ್ಥೆಗಳದ್ದಾಗಿತ್ತು: ಎಡ್ಮಂಡ್ ರೈಸ್ ವಾಟರ್‌ಫರ್ಡಿನಲ್ಲಿ 1802ರಲ್ಲಿ ಬಡ ಹುಡುಗರಿಗಾಗಿ ತೆರೆದ ಶಾಲೆಯಿಂದ ಬೆಳೆದ ಕ್ರಿಶ್ಚಿಯನ್ ಬ್ರದರ್ಸ್, ಹೆಣ್ಣುಮಕ್ಕಳ ಶಿಕ್ಷಣಕ್ಕೆ ಹೆಸರಾದ ಮರ್ಸಿ ಮತ್ತು ಪ್ರೆಸೆಂಟೇಶನ್ ಸನ್ಯಾಸಿನಿಯರ ಸಂಸ್ಥೆಗಳು, ಶ್ರೀಮಂತರ ಮಕ್ಕಳಿಗೆ ವಸತಿಶಾಲೆಗಳನ್ನು ನಡೆಸುತ್ತಿದ್ದ ಜೆಸ್ಯುಟರು ಇವರಲ್ಲಿ ಮುಖ್ಯರು. ಸರ್ಕಾರ ಅಧ್ಯಾಪಕರ ಸಂಬಳದ ಬಹುಭಾಗವನ್ನೂ ತಲಾ ಒಬ್ಬ ವಿದ್ಯಾರ್ಥಿಗೆ ಇಂತಿಷ್ಟೆಂದು ಅನುದಾನವನ್ನೂ ಕೊಡುತ್ತಿತ್ತು. ಉಳಿದದ್ದನ್ನು ಶಾಲೆಗಳು ಫೀಜಿನಿಂದ ತುಂಬಿಕೊಳ್ಳುತ್ತಿದ್ದವು. ಕ್ರಿಶ್ಚಿಯನ್ ಬ್ರದರ್ಸ್‌ನಂಥವರ ಶಾಲೆಗಳಲ್ಲಿ ಈ ಫೀಜು ಕಡಿಮೆಯಿರುತ್ತಿತ್ತು ಮತ್ತು ತೀರ ಬಡವರಿಂದ ಅದನ್ನು ವಸೂಲು ಮಾಡದೆ ಬಿಡುವುದೂ ಇತ್ತೆಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದಿನ ಫಲಿತಾಂಶವನ್ನು ಅರ್ಥಮಾಡಿಕೊಳ್ಳಲು ಅದು ಅಗತ್ಯ. ಆದರೆ ಶಾಲೆಗಳೆಲ್ಲ ಪಟ್ಟಣಗಳಲ್ಲಿದ್ದವು, ವಿದ್ಯಾರ್ಥಿವೇತನಗಳು ಬೆರಳೆಣಿಕೆಯಷ್ಟಿದ್ದವು, 1926ರ ಕಾಯಿದೆಯ ಪ್ರಕಾರ ಶಾಲೆಗೆ ಹೋಗಲೇಬೇಕಾದ ವಯಸ್ಸು ಹದಿನಾಲ್ಕಕ್ಕೆ ಮುಗಿಯುತ್ತಿತ್ತು.

ಫೀಜು ಕೊಡಲಾರದ ಮಕ್ಕಳಿಗಾಗಿ 1930ರ ಕಾಯಿದೆಯಡಿ ಸ್ಥಳೀಯ ಸಮಿತಿಗಳು ವೃತ್ತಿಶಿಕ್ಷಣ ಶಾಲೆಗಳನ್ನು ನಡೆಸುತ್ತಿದ್ದವು. ಇವುಗಳಲ್ಲಿ ಎರಡು ವರ್ಷ ಮರಗೆಲಸ, ಲೋಹಗೆಲಸ, ಗೃಹಕೃತ್ಯ, ಲೆಕ್ಕಪತ್ರ ಮುಂತಾದವುಗಳ ಪಾಠ ನಡೆಯುತ್ತಿತ್ತು. ಧರ್ಮಸಂಸ್ಥೆಗಳ ಶಾಲೆಗಳಿಗೆ ಪೈಪೋಟಿ ಕೊಡುವಂಥ ಸಾಮಾನ್ಯ ಶಿಕ್ಷಣವನ್ನು ಅವು ನೀಡುವುದಿಲ್ಲವೆಂದು ಆಗಿನ ಶಿಕ್ಷಣ ಸಚಿವರು ಬಿಷಪ್ಪರಿಗೆ ಭರವಸೆ ನೀಡಿದ್ದರಿಂದ, ಹದಿನೈದರ ಹೊತ್ತಿನ ಇಂಟರ್‌ಮೀಡಿಯೆಟ್ ಪರೀಕ್ಷೆಗಾಗಲಿ ಶಾಲೆಯ ಕೊನೆಯ ಲೀವಿಂಗ್ ಸರ್ಟಿಫಿಕೇಟ್ ಪರೀಕ್ಷೆಗಾಗಲಿ ಈ ಶಾಲೆಗಳ ಮಕ್ಕಳು ಕೂರುವಂತಿರಲಿಲ್ಲ. ವಿಶ್ವವಿದ್ಯಾನಿಲಯಕ್ಕೂ ಸರ್ಕಾರಿ ಗುಮಾಸ್ತಿಕೆಗೂ ಬ್ಯಾಂಕಿನ ಕೆಲಸಕ್ಕೂ ದಾರಿಯಿದ್ದದ್ದು ಆ ಪರೀಕ್ಷೆಗಳ ಮೂಲಕವೇ. ಹೀಗೆ ಹನ್ನೆರಡು ಹದಿಮೂರು ವರ್ಷದ ಮಗುವಿನ ಮುಂದಿನ ಬಾಳು ಮನೆಯವರ ಕೈಯಲ್ಲಿರುವ ಹಣದ ಮೇಲೆ, ಮನೆಯಿಂದ ಶಾಲೆಗಿರುವ ದೂರದ ಮೇಲೆ ತೀರ್ಮಾನವಾಗಿಬಿಡುತ್ತಿತ್ತು. ಪ್ರೌಢಶಾಲೆಯ ಪಠ್ಯಕ್ರಮವನ್ನು ವಿಮರ್ಶಿಸಲು ನೇಮಿಸಿದ್ದ ಶಿಕ್ಷಣ ಪರಿಷತ್ತು 1962ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ, ಎಲ್ಲರಿಗೂ ಉಚಿತ ಪ್ರೌಢಶಿಕ್ಷಣವೆಂಬುದು ಕೈಗೆಟುಕದ ಕನಸು, ಅದರಿಂದ ಪ್ರಯೋಜನ ಪಡೆಯಬಲ್ಲ ಮಕ್ಕಳೂ ಕೆಲವರೇ ಎಂಬ ಅಭಿಪ್ರಾಯಕ್ಕೆ ಬಂದಿತ್ತು. ಬಡವರ ಮಕ್ಕಳಿಗೆ ಓದು ಹತ್ತುವುದಿಲ್ಲವೆಂಬ ಈ ಮಾತನ್ನು ಮುಂದಿನ ಹತ್ತೇ ವರ್ಷಗಳು ಸುಳ್ಳು ಮಾಡಿದವು.

ವರದಿ ಮತ್ತು ಘೋಷಣೆ

ನೀತಿ ಬದಲಾಗಲು ಮುಖ್ಯ ಕಾರಣ ಆರ್ಥಿಕ ಬಿಕ್ಕಟ್ಟು. 1951ರಿಂದ 1961ರ ನಡುವೆ ಮೂವತ್ತು ಲಕ್ಷಕ್ಕೂ ಕಡಿಮೆ ಜನಸಂಖ್ಯೆಯ ಆ ದೇಶದಿಂದ ಸುಮಾರು ನಾಲ್ಕು ಲಕ್ಷ ಜನ ವಲಸೆ ಹೋದರು; ಅವರಲ್ಲಿ ಹೆಚ್ಚಿನವರು ಹದಿನಾಲ್ಕಕ್ಕೇ ಶಾಲೆ ಬಿಟ್ಟು, ಇಂಗ್ಲೆಂಡಿನ ಕಟ್ಟಡ ಕೆಲಸಕ್ಕೋ ಮನೆಗೆಲಸಕ್ಕೋ ಸೇರಿದವರು. ಹಣಕಾಸು ಇಲಾಖೆಯ ಕಾರ್ಯದರ್ಶಿ ಟಿ. ಕೆ. ವಿಟಕರ್ 1958ರಲ್ಲಿ ಸಿದ್ಧಪಡಿಸಿದ ಆರ್ಥಿಕ ಅಭಿವೃದ್ಧಿ ವರದಿಯಿಂದ ದೇಶ ಸಂರಕ್ಷಿತ ಕೃಷಿ ಆರ್ಥಿಕತೆಯನ್ನು ಬಿಟ್ಟು ಕೈಗಾರಿಕೆ ಮತ್ತು ವಿದೇಶಿ ಬಂಡವಾಳದ ಕಡೆಗೆ ತಿರುಗಿತು. 1959ರಲ್ಲಿ ಪ್ರಧಾನಿಯಾದ ಷಾನ್ ಲೆಮಾಸ್ ಆ ದಾರಿಯನ್ನು ಮುಂದುವರಿಸಿದರು. ಕಾರ್ಖಾನೆಗಳು ಬಂದರೆ ಕುಶಲ ತಂತ್ರಜ್ಞರು ಎಲ್ಲಿಂದ ಬರಬೇಕೆಂಬ ಪ್ರಶ್ನೆ ಎದ್ದಾಗ, ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಸಹಯೋಗದಲ್ಲಿ 1962ರಲ್ಲಿ ಅರ್ಥಶಾಸ್ತ್ರಜ್ಞ ಪ್ಯಾಟ್ರಿಕ್ ಲಿಂಚ್ ನೇತೃತ್ವದ ಸಮೀಕ್ಷಾ ತಂಡವೊಂದು ರಚಿತವಾಯಿತು. ಶಿಕ್ಷಣ ಸಚಿವ ಪ್ಯಾಟ್ರಿಕ್ ಹಿಲರಿ 1963ರ ಮೇ ತಿಂಗಳಲ್ಲಿ, ಸಾಮಾನ್ಯ ಹಾಗೂ ವೃತ್ತಿಶಿಕ್ಷಣಗಳೆರಡನ್ನೂ ಒಂದೇ ಸೂರಿನಡಿ ಕೊಡುವ ಸಮಗ್ರ ಶಾಲೆಗಳನ್ನು ಸರ್ಕಾರವೇ ಕಟ್ಟುವುದಾಗಿ ಪ್ರಕಟಿಸಿದರು. ಅವುಗಳಲ್ಲಿ ಮೊದಲಿನವು ಕೂಟ್‌ಹಿಲ್, ಕ್ಯಾರರೋ ಮತ್ತು ಶ್ಯಾನನ್‌ಗಳಲ್ಲಿ 1966ರಲ್ಲಿ ತೆರೆದವು.

ಲಿಂಚ್ ತಂಡದ ವರದಿ 1965ರ ಡಿಸೆಂಬರಿನಲ್ಲಿ ಹೊರಬಂದಿತು. ಶಿಕ್ಷಣವನ್ನು ಬಂಡವಾಳ ಹೂಡಿಕೆಯಾಗಿ ನೋಡುವ ದೃಷ್ಟಿಯಿಂದ ಹೊರಟಿದ್ದ ಈ ಅಧ್ಯಯನ ಅದಕ್ಕಿಂತ ದೊಡ್ಡ ಕೆಲಸವನ್ನು ಮಾಡಿತು: ಯಾವ ಜಿಲ್ಲೆಯ, ಯಾವ ಉದ್ಯೋಗದವರ ಮಕ್ಕಳು ಎಲ್ಲಿಯವರೆಗೆ ಓದುತ್ತಾರೆಂಬುದನ್ನು ಆ ದೇಶದಲ್ಲಿ ಮೊದಲ ಬಾರಿಗೆ ಅಂಕಿಅಂಶಗಳ ಸಮೇತ ಜನರ ಮುಂದಿಟ್ಟಿತು. ವೃತ್ತಿಪರರ, ಅಧಿಕಾರಿಗಳ ಮಕ್ಕಳಿಗೂ ಕೂಲಿಕಾರರ ಮಕ್ಕಳಿಗೂ ನಡುವೆ ಇದ್ದ ಅಂತರ ಹದಿನೈದನೆಯ ವಯಸ್ಸಿನ ಅನಂತರ ಹಲವು ಪಟ್ಟಾಗುತ್ತಿತ್ತು. ತನ್ನ ಶಾಲೆಗಳ ಬಗ್ಗೆ ಹೆಮ್ಮೆಪಡುತ್ತಿದ್ದ ಸಮಾಜಕ್ಕೆ ಈ ಸಂಖ್ಯೆಗಳು ಆಘಾತವನ್ನೇ ತಂದವು. ಸಾರ್ವಜನಿಕ ಚರ್ಚೆಯನ್ನು ನಂಬಿಕೆಗಳ ನೆಲೆಯಿಂದ ಸಂಖ್ಯೆಗಳ ನೆಲೆಗೆ ತಂದ ಕಾರಣಕ್ಕೆ ಈ ವರದಿಯನ್ನು ಐರಿಷ್ ಶಿಕ್ಷಣದ ಚರಿತ್ರೆಯಲ್ಲಿ ಅತ್ಯಂತ ಮಹತ್ತ್ವದ ದಾಖಲೆಯೆಂದು ಎಣಿಸುವುದು ಸರಿಯಾಗಿಯೇ ಇದೆ.

1966ರ ಜುಲೈನಲ್ಲಿ ಲಿಮರಿಕ್‌ನ ಪ್ರತಿನಿಧಿ ಡೊನಾ ಓಮ್ಯಾಲಿ ಶಿಕ್ಷಣ ಸಚಿವರಾದರು. ಅವರು ಇಂಜಿನಿಯರಾಗಿದ್ದವರು, ಮಾತಿನಲ್ಲೂ ನಡವಳಿಕೆಯಲ್ಲೂ ದಿಟ್ಟರು. ಅದೇ ಸೆಪ್ಟೆಂಬರ್ 10ರಂದು ಡನ್ ಲೀರಿಯಲ್ಲಿ ನಡೆದ ಪತ್ರಕರ್ತರ ಸಂಘದ ಸಭೆಯಲ್ಲಿ, ಪ್ರತಿವರ್ಷ ಪ್ರಾಥಮಿಕ ಶಾಲೆ ಮುಗಿಸುವ ಮಕ್ಕಳಲ್ಲಿ ಸುಮಾರು 17,000 ಮಂದಿ, ಎಂದರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು, ಅಲ್ಲಿಗೇ ಓದು ನಿಲ್ಲಿಸುತ್ತಿದ್ದಾರೆ, ಇದು ರಾಷ್ಟ್ರದ ಅಂತಃಸಾಕ್ಷಿಗೆ ಕಳಂಕ ಎಂದು ಹೇಳಿ, ಮುಂದಿನ ವರ್ಷದಿಂದ ಇಂಟರ್‌ಮೀಡಿಯೆಟ್ ಪರೀಕ್ಷೆಯವರೆಗೆ ಎಲ್ಲ ಕುಟುಂಬಗಳಿಗೂ ಶಿಕ್ಷಣ ಉಚಿತವಾಗುವ ಯೋಜನೆಯನ್ನು ತರುವುದಾಗಿ ಘೋಷಿಸಿದರು. ಲೀವಿಂಗ್ ಸರ್ಟಿಫಿಕೇಟ್‌ವರೆಗೂ ಅದನ್ನು ವಿಸ್ತರಿಸುವ ಉದ್ದೇಶವನ್ನೂ ತಿಳಿಸಿದರು. ಮಂತ್ರಿಮಂಡಲದ ಒಪ್ಪಿಗೆ ಇದಕ್ಕೆ ದೊರೆತಿರಲಿಲ್ಲ. ಹಣಕಾಸು ಸಚಿವ ಜಾಕ್ ಲಿಂಚ್ ಆಗ ದೇಶದಲ್ಲಿರಲಿಲ್ಲ. ಇಷ್ಟು ದೊಡ್ಡ ಖರ್ಚಿನ ನೀತಿಯನ್ನು ತಮ್ಮ ಇಲಾಖೆಗೆ ತಿಳಿಸದೆ ಪ್ರಕಟಿಸಿದ್ದನ್ನು ಆಕ್ಷೇಪಿಸಿ ವಿಟಕರ್ ಪ್ರಧಾನಿಗೆ ಪತ್ರ ಬರೆದರು. ಲೆಮಾಸ್ ಸಚಿವರನ್ನು ಮೃದುವಾಗಿಯೇ ಎಚ್ಚರಿಸಿದರು. ಲೆಮಾಸರಿಗೆ ವಿಷಯ ಮುಂಚೆಯೇ ತಿಳಿದಿತ್ತೆಂದು ಹಲವು ಇತಿಹಾಸಕಾರರು ಭಾವಿಸುತ್ತಾರೆ. ವಿರೋಧ ಪಕ್ಷವೂ ಆ ಹೊತ್ತಿಗೆ ತನ್ನದೇ ಶಿಕ್ಷಣ ನೀತಿಯನ್ನು ಸಿದ್ಧಪಡಿಸುತ್ತಿದ್ದುದರಿಂದ ಸರ್ಕಾರ ಮೊದಲು ಹೆಜ್ಜೆಯಿಡಬೇಕೆಂಬ ಒತ್ತಡವಿತ್ತು. ಕಾರಣ ಏನೇ ಇರಲಿ, ಪತ್ರಿಕೆಗಳಲ್ಲಿ ಬಂದ ಮಾತನ್ನು ಜನ ಎದೆಗೆ ಹಚ್ಚಿಕೊಂಡ ಮೇಲೆ ಅದನ್ನು ಹಿಂತೆಗೆದುಕೊಳ್ಳುವ ಧೈರ್ಯ ಯಾವ ಸರ್ಕಾರಕ್ಕೂ ಇರಲಿಲ್ಲ. ಯೋಜನೆ ಜಾರಿಗೆ ಬಂದ ಕೆಲವೇ ತಿಂಗಳಲ್ಲಿ, 1968ರ ಮಾರ್ಚ್ 10ರಂದು, ಓಮ್ಯಾಲಿ ತಮ್ಮ 47ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಯೋಜನೆಯ ಸ್ವರೂಪ

ಯೋಜನೆಯ ಹಣಕಾಸಿನ ಏರ್ಪಾಟು ಸರಳವಾಗಿತ್ತು. ಖಾಸಗಿ ಒಡೆತನದ ಶಾಲೆಗಳನ್ನು ಸರ್ಕಾರ ವಶಪಡಿಸಿಕೊಳ್ಳಲಿಲ್ಲ. ಫೀಜು ಬಿಟ್ಟುಕೊಡಲು ಒಪ್ಪಿದ ಶಾಲೆಗೆ, ಅದು ಹಿಂದೆ ಪಡೆಯುತ್ತಿದ್ದ ಫೀಜಿಗೆ ಅನುಗುಣವಾಗಿ ಪ್ರತಿ ವಿದ್ಯಾರ್ಥಿಗೆ ವರ್ಷಕ್ಕೆ 15ರಿಂದ 25 ಪೌಂಡಿನವರೆಗೆ ಹೆಚ್ಚುವರಿ ಅನುದಾನ ಕೊಟ್ಟಿತು. ಸೇರುವುದೂ ಬಿಡುವುದೂ ಶಾಲೆಯ ಇಚ್ಛೆ. ಹಗಲು ಶಾಲೆಗಳಲ್ಲಿ ಬಹುಪಾಲು ಸೇರಿದವು, ದುಬಾರಿ ಫೀಜಿನ ಕೆಲವು ಶಾಲೆಗಳು ಹೊರಗುಳಿದವು. ಚದುರಿದಂತೆ ನೆಲೆಸಿರುವ ಅಲ್ಪಸಂಖ್ಯಾತ ಪ್ರಾಟೆಸ್ಟಂಟ್ ಕುಟುಂಬಗಳ ಮಕ್ಕಳು ವಸತಿಶಾಲೆಗಳನ್ನು ಅವಲಂಬಿಸಬೇಕಾಗಿದ್ದುದರಿಂದ ಅವರಿಗಾಗಿ ಒಟ್ಟು ಅನುದಾನವನ್ನು ಅವರದೇ ಸಮಿತಿಗೆ ಒಪ್ಪಿಸಿ, ಆದಾಯವನ್ನು ನೋಡಿ ಹಂಚುವ ವ್ಯವಸ್ಥೆಯಾಯಿತು. ತೀರ ಬಡ ಮಕ್ಕಳ ಪುಸ್ತಕಗಳಿಗೆ ಸಣ್ಣ ನೆರವಿನ ಏರ್ಪಾಡೂ ಇತ್ತು.

ಫೀಜಿನ ರದ್ದತಿಗಿಂತಲೂ ಹೆಚ್ಚು ಪರಿಣಾಮ ಬೀರಿದ ಅಂಶವೆಂದರೆ ಬಹುಶಃ ಶಾಲಾ ಬಸ್ಸು. ಶಾಲೆಯಿಂದ ಮೂರು ಮೈಲಿಗಿಂತ, ಎಂದರೆ ಸುಮಾರು ಐದು ಕಿಲೋಮೀಟರಿಗಿಂತ ದೂರದಲ್ಲಿರುವ ಮಕ್ಕಳನ್ನು ಸರ್ಕಾರಿ ಸಾರಿಗೆ ಸಂಸ್ಥೆಯ ಮೂಲಕ ಉಚಿತವಾಗಿ ಕರೆದೊಯ್ಯುವ ಏರ್ಪಾಡು 1967ರಲ್ಲಿಯೇ ಆರಂಭವಾಯಿತು. ಹಳ್ಳಿಗಾಡಿನ ಸಣ್ಣ ರೈತರ ಮಕ್ಕಳಿಗೆ ಪಟ್ಟಣದ ಶಾಲೆಯ ಫೀಜು ಕೈಗೆಟುಕಿದರೂ ವಸತಿಯ ಖರ್ಚು ಎಟುಕುತ್ತಿರಲಿಲ್ಲ. ಬಸ್ಸು ಬಂದ ಮೇಲೆ ಮಗು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳಿ ಹೊಲಮನೆಯ ಕೆಲಸಕ್ಕೂ ಒದಗುವಂತಾಯಿತು. ಇದೇ ಹೊತ್ತಿಗೆ ಮಕ್ಕಳನ್ನು ಹನ್ನೆರಡಕ್ಕೇ ಜರಡಿಹಿಡಿಯುತ್ತಿದ್ದ ಕಡ್ಡಾಯ ಪ್ರಾಥಮಿಕ ಪರೀಕ್ಷೆ ರದ್ದಾಯಿತು, ವೃತ್ತಿಶಿಕ್ಷಣ ಶಾಲೆಗಳ ಮಕ್ಕಳಿಗೂ ಇಂಟರ್‌ಮೀಡಿಯೆಟ್ ಮತ್ತು ಲೀವಿಂಗ್ ಪರೀಕ್ಷೆಗಳ ಬಾಗಿಲು ತೆರೆಯಿತು, 1972ರಲ್ಲಿ ಕಡ್ಡಾಯ ಶಿಕ್ಷಣದ ವಯಸ್ಸು ಹದಿನೈದಕ್ಕೆ ಏರಿತು. ಇವೆಲ್ಲದರ ಒಟ್ಟು ಫಲವಾಗಿ, 1966ರಲ್ಲಿ ಸುಮಾರು ಒಂದೂವರೆ ಲಕ್ಷವಿದ್ದ ಪ್ರೌಢಶಿಕ್ಷಣದ ವಿದ್ಯಾರ್ಥಿಗಳ ಸಂಖ್ಯೆ 1970ರ ದಶಕದ ನಡುವಿನ ಹೊತ್ತಿಗೆ ಎರಡು ಲಕ್ಷವನ್ನು ಬಹಳವೇ ದಾಟಿತು. ಕೊಠಡಿಗಳು ಸಾಲದೆ ಶಾಲೆಗಳ ಅಂಗಳದಲ್ಲಿ ಮರದ ತಾತ್ಕಾಲಿಕ ಕೊಠಡಿಗಳು ಎದ್ದವು.

ಅಳತೆಯ ಪ್ರಶ್ನೆ

ಇಷ್ಟು ಜನ ಹೆಚ್ಚು ಓದಿದರೆಂಬುದು ನಿರ್ವಿವಾದ. ವರ್ಗವರ್ಗಗಳ ನಡುವಿನ ಅಂತರ ಕಡಿಮೆಯಾಯಿತೇ ಎಂಬುದು ಬೇರೆಯ ಪ್ರಶ್ನೆ. ಅದಕ್ಕೆ ಕೊಡುವ ಉತ್ತರ ಅಂತರವನ್ನು ಅಳೆಯುವ ಬಗೆಯನ್ನು ಅವಲಂಬಿಸಿದೆ. ಒಂದು ಕಾಲ್ಪನಿಕ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಸುಧಾರಣೆಗೆ ಮೊದಲು ಕೂಲಿಕಾರರ ಮಕ್ಕಳಲ್ಲಿ ನೂರಕ್ಕೆ 20, ಅಧಿಕಾರಿಗಳ ಮಕ್ಕಳಲ್ಲಿ ನೂರಕ್ಕೆ 60 ಮಂದಿ ಪ್ರೌಢಶಾಲೆ ಮುಗಿಸುತ್ತಿದ್ದರು, ಸುಧಾರಣೆಯ ಅನಂತರ ಈ ಸಂಖ್ಯೆಗಳು 40 ಮತ್ತು 80 ಆದವೆಂದು ಊಹಿಸೋಣ. ಮೊದಲು ಅಧಿಕಾರಿಗಳ ಮಕ್ಕಳ ಪ್ರಮಾಣ ಮೂರು ಪಟ್ಟಿದ್ದು ಈಗ ಎರಡು ಪಟ್ಟಾಗಿರುವುದರಿಂದ ಅಸಮಾನತೆ ಇಳಿದಂತೆ ತೋರುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನು ನೋಡಿದರೆ ಆಗಲೂ 40, ಈಗಲೂ 40. ಮುಗಿಸಿದವರಿಗೂ ಮುಗಿಸದವರಿಗೂ ಇರುವ ಅನುಪಾತವನ್ನು ಪ್ರತಿ ವರ್ಗದಲ್ಲೂ ಲೆಕ್ಕಹಾಕಿ ಆ ಅನುಪಾತಗಳನ್ನು ಹೋಲಿಸುವುದು ಮೂರನೆಯ ಕ್ರಮ: ಮೊದಲು 20ಕ್ಕೆ 80 ಮತ್ತು 60ಕ್ಕೆ 40, ಎಂದರೆ ಆರು ಪಟ್ಟು, ಆಮೇಲೆ 40ಕ್ಕೆ 60 ಮತ್ತು 80ಕ್ಕೆ 20, ಅದೂ ಆರು ಪಟ್ಟು. ಒಟ್ಟು ವಿಸ್ತರಣೆಯ ಪರಿಣಾಮವನ್ನು ಬೇರ್ಪಡಿಸಿ ಪೈಪೋಟಿಯಲ್ಲಿ ಯಾರ ಸ್ಥಾನ ಎಲ್ಲಿದೆಯೆಂದು ತೋರಿಸುವುದರಿಂದ ಸಮಾಜಶಾಸ್ತ್ರಜ್ಞರು ಈ ಮೂರನೆಯ ಅಳತೆಯನ್ನೇ ಹೆಚ್ಚಾಗಿ ಬಳಸುತ್ತಾರೆ.

ಈ ಅಳತೆಯನ್ನು ಹಿಡಿದು ಏಡ್ರಿಯನ್ ರಾಫ್ಟರಿ ಮತ್ತು ಮೈಕೆಲ್ ಹೌಟ್ 1908ರಿಂದ 1956ರ ನಡುವೆ ಹುಟ್ಟಿದ ಐರಿಷ್ ತಲೆಮಾರುಗಳ ಶಿಕ್ಷಣವನ್ನು ವಿಶ್ಲೇಷಿಸಿ 1993ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದಲ್ಲಿ ಬಹು ಚರ್ಚಿತವಾಗಿದೆ. ಅವರು ಮಗುವಿನ ಓದನ್ನು ಪ್ರಾಥಮಿಕದಿಂದ ಪ್ರೌಢಶಾಲೆಗೆ ಪ್ರವೇಶ, ಪ್ರೌಢಶಾಲೆಯನ್ನು ಪೂರೈಸುವುದು, ಉನ್ನತ ಶಿಕ್ಷಣಕ್ಕೆ ಹೋಗುವುದು ಎಂಬ ಹಂತಗಳಾಗಿ ಒಡೆದು, ಪ್ರತಿ ಹಂತದಲ್ಲೂ ವರ್ಗದ ಪ್ರಭಾವವನ್ನು ಲೆಕ್ಕಹಾಕಿದರು. ಮೊದಲ ಹಂತದಲ್ಲಿ ಆ ಪ್ರಭಾವ ಕಾಲಕ್ರಮದಲ್ಲಿ ತಗ್ಗಿತ್ತು. ಆದರೆ 1967ರ ಸುಧಾರಣೆಯಿಂದಲೇ ಉಂಟಾದ ಪ್ರತ್ಯೇಕ ಇಳಿಕೆಯೇನೂ ಕಾಣಲಿಲ್ಲ. ಮೇಲ್ವರ್ಗದವರ ಬೇಡಿಕೆ ಪೂರ್ಣವಾಗಿ ತುಂಬಿದ ಮೇಲೆಯೇ, ಎಂದರೆ ಅವರ ಮಕ್ಕಳೆಲ್ಲ ಆ ಹಂತವನ್ನು ತಲುಪಿ ಇನ್ನು ಏರಲು ಜಾಗವಿಲ್ಲದಾದಾಗಲೇ, ಮುಂದಿನ ವಿಸ್ತರಣೆ ಕೆಳವರ್ಗದವರ ಪಾಲಿಗೆ ಬಂದು ಅಂತರ ಕುಗ್ಗುತ್ತದೆಂದು ಅವರು ಸಾಮಾನ್ಯ ಸೂತ್ರವೊಂದನ್ನು ಮಂಡಿಸಿದರು. ಗರಿಷ್ಠವಾಗಿ ಉಳಿಸಿಕೊಂಡ ಅಸಮಾನತೆಯ ಸಿದ್ಧಾಂತವೆಂದು ಅದು ಪ್ರಸಿದ್ಧವಾಯಿತು. ಯೋಸಿ ಶವಿಟ್ ಮತ್ತು ಹಾನ್ಸ್ ಪೀಟರ್ ಬ್ಲಾಸ್‌ಫೆಲ್ಡ್ ಅದೇ ವರ್ಷ ಸಂಪಾದಿಸಿದ, ಹದಿಮೂರು ದೇಶಗಳನ್ನು ಹೋಲಿಸುವ ಗ್ರಂಥದಲ್ಲೂ ಹೆಚ್ಚಿನ ದೇಶಗಳಲ್ಲಿ ಇಂಥದೇ ಚಿತ್ರ ಮೂಡಿತು. ಸ್ವೀಡನ್ ಮತ್ತು ನೆದರ್ಲೆಂಡ್ಸ್ ಮಾತ್ರ ಅದಕ್ಕೆ ಹೊರತಾಗಿದ್ದವು.

ಈ ತೀರ್ಮಾನವನ್ನು ಎಚ್ಚರದಿಂದ ಓದಬೇಕು. ಅವರು ನೋಡಿದವರಲ್ಲಿ ಕೊನೆಗೆ ಹುಟ್ಟಿದವರು 1967ರಲ್ಲಿ ಸುಮಾರು ಹನ್ನೊಂದು ವರ್ಷದವರಾಗಿದ್ದರು. ಸುಧಾರಣೆಯ ಫಲವನ್ನು ಮೊದಲಿಂದ ಕೊನೆಯವರೆಗೆ ಉಂಡವರು ಆ ದತ್ತಾಂಶದಲ್ಲಿ ಕೆಲವರೇ. ಆದರೂ 1979ರಿಂದ 1994ರವರೆಗೆ ಶಾಲೆ ಬಿಟ್ಟವರನ್ನು ಕುರಿತ ಎಮರ್ ಸ್ಮಿತ್‌ರ ಅಧ್ಯಯನವೂ ವರ್ಗದ ಅಂತರ ಬಹುಮಟ್ಟಿಗೆ ಹಾಗೆಯೇ ಮುಂದುವರಿದದ್ದನ್ನು ತೋರಿಸಿದ್ದರಿಂದ ಮೂಲ ತೀರ್ಮಾನ ನಿಂತಿದೆಯೆನ್ನಬೇಕು. ಇದನ್ನು ಹಿಡಿದುಕೊಂಡು ಉಚಿತ ಶಿಕ್ಷಣವೇ ವ್ಯರ್ಥವಾಯಿತೆಂದು ವಾದಿಸುವವರು ಮಾತ್ರ ದೊಡ್ಡ ತಪ್ಪು ಮಾಡುತ್ತಾರೆ. ಹದಿಮೂರಕ್ಕೆ ಓದು ಬಿಡಬೇಕಾಗಿದ್ದ ಕೂಲಿಕಾರನ ಮಗಳು ಹದಿನೆಂಟರವರೆಗೆ ಓದಿದ್ದು, ನೆರೆಯ ಅಧಿಕಾರಿಯ ಮಗಳು ಇನ್ನೂ ಮುಂದೆ ಹೋದಳೆಂಬ ಕಾರಣಕ್ಕೆ, ಬೆಲೆಯಿಲ್ಲದ್ದಾಗುವುದಿಲ್ಲ. ಪಡೆದ ವಿದ್ಯೆ ಒಂದು ಒಳಿತು, ಪೈಪೋಟಿಯಲ್ಲಿ ಸಮಾನತೆ ಇನ್ನೊಂದು ಒಳಿತು. ಶುಲ್ಕದ ರದ್ದತಿ ಮೊದಲನೆಯದನ್ನು ಧಾರಾಳವಾಗಿ ತಂದಿತು, ಎರಡನೆಯದನ್ನು ತರಲು ಅದೊಂದೇ ಸಾಲಲಿಲ್ಲ.

ಅಂತರ ಉಳಿದದ್ದೇಕೆ

ಮೊದಲ ಕಾರಣ ಯೋಜನೆಯ ವಿನ್ಯಾಸದಲ್ಲೇ ಇದೆ. ಬಡವರಿಗೆಂದು ತೆರೆದಿದ್ದ ಶಾಲೆಗಳ ಫೀಜು ಮೊದಲೇ ಕಡಿಮೆಯಿದ್ದುದರಿಂದ, ಎಲ್ಲರಿಗೂ ಒಂದೇ ಸಮನಾದ ರಿಯಾಯಿತಿಯಿಂದ ಹೆಚ್ಚು ಉಳಿತಾಯವಾದದ್ದು ಹೆಚ್ಚು ಫೀಜು ಕೊಡುತ್ತಿದ್ದ ಮಧ್ಯಮ ವರ್ಗದ ಮನೆಗಳಿಗೆ. ಬಡ ಮನೆಗೆ ನಿಜವಾದ ಹೊರೆ ಫೀಜಿಗಿಂತ ಮಗು ದುಡಿದು ತರಬಹುದಾಗಿದ್ದ ಕೂಲಿಯ ನಷ್ಟ. ಅರ್ಥಶಾಸ್ತ್ರದಲ್ಲಿ ಇದನ್ನು ಅವಕಾಶ ವೆಚ್ಚವೆನ್ನುತ್ತಾರೆ: ಒಂದನ್ನು ಆರಿಸಿಕೊಂಡಾಗ ಕೈಬಿಡಬೇಕಾದ ಇನ್ನೊಂದರ ಬೆಲೆ. ಹದಿನಾಲ್ಕರ ಹುಡುಗನ ವಾರದ ಸಂಬಳ ಮನೆಯ ಬಾಡಿಗೆಗೆ ಬೇಕಾಗಿರುವಲ್ಲಿ ಶಾಲೆ ಉಚಿತವಾದ ಮಾತ್ರಕ್ಕೆ ಅವನು ಅಲ್ಲಿ ಉಳಿಯಲಾರ. ಆ ನಷ್ಟವನ್ನು ತುಂಬಿಕೊಡುವ ನೆರವಿನ ಹಣವನ್ನು ಐರಿಷ್ ಯೋಜನೆ ಕೊಡಲಿಲ್ಲ. 1997ರಲ್ಲಿ ಮೆಕ್ಸಿಕೊ ದೇಶ ಆರಂಭಿಸಿದ ಪ್ರೋಗ್ರೆಸಾ ಯೋಜನೆ, ಮಕ್ಕಳನ್ನು ಶಾಲೆಗೆ ಕಳಿಸುವ ಬಡ ತಾಯಂದಿರ ಕೈಗೆ ನೇರವಾಗಿ ಹಣ ಕೊಟ್ಟು, ಮೇಲಿನ ತರಗತಿಗಳಿಗೆ ಮತ್ತು ಹೆಣ್ಣುಮಕ್ಕಳಿಗೆ ಅದನ್ನು ಹೆಚ್ಚಿಸಿ, ಈ ಕೊರತೆಯನ್ನು ಗುರುತಿಸಿದ ಮುಖ್ಯ ಪ್ರಯತ್ನ.

ಎರಡನೆಯ ಕಾರಣ ಕುಟುಂಬಗಳ ಲೆಕ್ಕಾಚಾರಕ್ಕೆ ಸಂಬಂಧಿಸಿದ್ದು. ಐರಿಷ್ ಸಮಾಜಶಾಸ್ತ್ರಜ್ಞ ರಿಚರ್ಡ್ ಬ್ರೀನ್ ಮತ್ತು ಇಂಗ್ಲೆಂಡಿನ ಜಾನ್ ಗೋಲ್ಡ್‌ಥಾರ್ಪ್ 1997ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ ಪ್ರತಿ ಕುಟುಂಬವೂ ಮೊದಲು ನೋಡುವುದು ಮಕ್ಕಳು ತಮಗಿಂತ ಕೆಳಗಿನ ಸ್ಥಿತಿಗೆ ಇಳಿಯದಂತೆ ಕಾಪಾಡುವುದನ್ನು. ಅಧಿಕಾರಿಯ ಮಗ ಅಧಿಕಾರಿಯಾಗಿ ಉಳಿಯಲು ಪದವಿ ಬೇಕೇಬೇಕು. ಕಾರ್ಮಿಕನ ಮಗ ಕುಶಲ ಕಾರ್ಮಿಕನಾಗಲು ಹದಿನಾರರವರೆಗಿನ ಓದು ಸಾಕು, ಅದರಾಚೆ ಓದಿ ಫೇಲಾದರೆ ಕಳೆದುಕೊಳ್ಳುವುದೇ ಹೆಚ್ಚು. ಹೀಗಾಗಿ ಸಮಾನ ಬುದ್ಧಿಯ ಇಬ್ಬರು ಮಕ್ಕಳ ಮನೆಗಳು, ಎರಡೂ ವಿವೇಕದಿಂದಲೇ ನಡೆದರೂ, ಬೇರೆಬೇರೆ ತೀರ್ಮಾನಕ್ಕೆ ಬರುತ್ತವೆ. ಬಡವರಿಗೆ ಓದಿನ ಹಂಬಲವಿಲ್ಲವೆಂಬ ಹಳೆಯ ಆರೋಪಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ಇನ್ನೊಂದಿಲ್ಲ.

ಇದರ ಜೊತೆಗೆ, ಶಾಲೆಗಳ ನಡುವಿನ ಮೇಲುಕೀಳು ಹಾಗೆಯೇ ಉಳಿಯಿತು. ಧರ್ಮಸಂಸ್ಥೆಗಳ ಶಾಲೆ, ವೃತ್ತಿಶಿಕ್ಷಣ ಶಾಲೆ, ಹೊಸ ಸಮಗ್ರ ಶಾಲೆ ಇವುಗಳ ನಡುವೆ ಮಕ್ಕಳು ವರ್ಗಾನುಸಾರವಾಗಿ ಹಂಚಿಹೋದರು. ಒಂದೇ ಶಾಲೆಯಲ್ಲೂ ಬುದ್ಧಿವಂತರ ವಿಭಾಗ, ಹಿಂದುಳಿದವರ ವಿಭಾಗವೆಂದು ಬೇರ್ಪಡಿಸುವುದು ರೂಢಿಯಾಯಿತು. ವಿಶ್ವವಿದ್ಯಾನಿಲಯದ ಸೀಟುಗಳು ಲೀವಿಂಗ್ ಪರೀಕ್ಷೆಯ ಅಂಕಗಳಿಗೆ ಗಂಟುಬಿದ್ದ ಮೇಲೆ ಖಾಸಗಿ ಪಾಠದ ಮಾರುಕಟ್ಟೆ ಬೆಳೆಯಿತು. ಒಂದು ಹಂತದಲ್ಲಿ ಎಲ್ಲರೂ ಸೇರಿದಾಗ ಅಸಮಾನತೆ ಅದೇ ಹಂತದ ಒಳಗಿನ ಗುಣಮಟ್ಟದ ವ್ಯತ್ಯಾಸವಾಗಿ ಮಾರ್ಪಡುತ್ತದೆಂದು ಸ್ಯಾಮ್ಯುಯಲ್ ಲೂಕಸ್ 2001ರಲ್ಲಿ ಅಮೆರಿಕದ ಸಂದರ್ಭದಲ್ಲಿ ಹೇಳಿದ್ದು ಇಲ್ಲಿಗೂ ಹೊಂದುತ್ತದೆ. 1996ರಲ್ಲಿ ಪದವಿ ತರಗತಿಗಳ ಶುಲ್ಕವೂ ರದ್ದಾದಾಗ ವರ್ಗದ ಅಂತರ ಅಲುಗಲಿಲ್ಲವೆಂದು ಅರ್ಥಶಾಸ್ತ್ರಜ್ಞ ಕೆವಿನ್ ಡೆನಿ ತೋರಿಸಿದ್ದಾರೆ. ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಅದಕ್ಕೂ ಮೊದಲೇ ಶುಲ್ಕದಿಂದ ವಿನಾಯಿತಿಯಿತ್ತು, ಅವರನ್ನು ತಡೆಯುತ್ತಿದ್ದುದು ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಬರುತ್ತಿದ್ದ ಕಡಿಮೆ ಅಂಕಗಳು.

ಎಲ್ಲ ಗುಂಪುಗಳ ಕಥೆಯೂ ಒಂದೇ ಅಲ್ಲ. ಉನ್ನತ ಶಿಕ್ಷಣವನ್ನು ಕುರಿತು ಪ್ಯಾಟ್ರಿಕ್ ಕ್ಲಾನ್ಸಿ 1980ರ ದಶಕದಿಂದ ನಡೆಸಿದ ಸಮೀಕ್ಷೆಗಳಲ್ಲಿ ರೈತರ ಮಕ್ಕಳ ಪ್ರಮಾಣ ಏರುತ್ತ ಹೋಗಿ ಸರಾಸರಿಯನ್ನು ಮೀರಿದರೆ, ನಗರದ ಅಕುಶಲ ಕಾರ್ಮಿಕರ ಮಕ್ಕಳು ಹಿಂದೆಯೇ ಉಳಿದರು. ಹೊಲವಿರುವ ಮನೆಗೆ ಅಡ್ಡಿಯಾಗಿದ್ದುದು ಮುಖ್ಯವಾಗಿ ದೂರ; ಅದನ್ನು ಬಸ್ಸು ನೀಗಿಸಿತು. ಡಬ್ಲಿನ್ನಿನ ಕಾರ್ಮಿಕರ ಕೇರಿಯ ಮಗುವಿಗೆ ಶಾಲೆ ಕೂಗಳತೆಯಲ್ಲೇ ಇತ್ತು. ಅದರ ಕಷ್ಟಗಳು ಬೇರೆಯಾಗಿದ್ದವು, ಅವಕ್ಕೆ ಈ ಯೋಜನೆಯಲ್ಲಿ ಮದ್ದಿರಲಿಲ್ಲ.

ಇತರ ದೇಶಗಳು ಮತ್ತು ಭಾರತ

ಇಂಗ್ಲೆಂಡಿನಲ್ಲಿ 1944ರ ಕಾಯಿದೆ ಶುಲ್ಕವನ್ನು ತೆಗೆದರೂ ಹನ್ನೊಂದರ ವಯಸ್ಸಿನ ಪರೀಕ್ಷೆಯೊಂದರಿಂದ ಮಕ್ಕಳನ್ನು ಉನ್ನತ ಓದಿಗೆ ದಾರಿಯಾಗಿದ್ದ ಗ್ರಾಮರ್ ಶಾಲೆ ಮತ್ತು ಉಳಿದವರಿಗಾಗಿದ್ದ ಮಾಡರ್ನ್ ಶಾಲೆಗಳಿಗೆ ವಿಂಗಡಿಸಲಾಯಿತು. ಹಾಲ್ಸೆ, ಹೀತ್ ಮತ್ತು ರಿಜ್ ಎಂಬ ವಿದ್ವಾಂಸರು 1980ರಲ್ಲಿ ತೋರಿಸಿದಂತೆ, ಕಾರ್ಮಿಕನ ಮಗನಿಗೆ ಹೋಲಿಸಿದರೆ ವೃತ್ತಿಪರ ಅಥವಾ ಅಧಿಕಾರಿ ವರ್ಗದ ಮಗ ಹದಿನಾರರ ವಯಸ್ಸಿನಲ್ಲಿ ಶಾಲೆಯಲ್ಲಿ ಉಳಿದಿರುವ ಸಂಭವ ನಾಲ್ಕು ಪಟ್ಟು, ಹದಿನೆಂಟರಲ್ಲಿ ಹತ್ತು ಪಟ್ಟು, ವಿಶ್ವವಿದ್ಯಾನಿಲಯ ಸೇರುವ ಸಂಭವ ಹನ್ನೊಂದು ಪಟ್ಟು. ಫಿನ್‌ಲೆಂಡ್ ಬೇರೆ ದಾರಿ ಹಿಡಿಯಿತು: 1972ರಿಂದ 1977ರವರೆಗೆ ಉತ್ತರದ ಪ್ರಾಂತಗಳಿಂದ ಮೊದಲ್ಗೊಂಡು ದಕ್ಷಿಣದವರೆಗೆ, ಹನ್ನೊಂದಕ್ಕೆ ಮಕ್ಕಳನ್ನು ವಿಂಗಡಿಸುವ ಪದ್ಧತಿಯನ್ನು ಬಿಟ್ಟು ಹದಿನಾರರವರೆಗೆ ಎಲ್ಲರಿಗೂ ಒಂದೇ ಶಾಲೆಯನ್ನು ತಂದಿತು. ತಂದೆಯ ಆದಾಯ ಮಗನ ಆದಾಯವನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆಂಬ ಸೂಚ್ಯಂಕ ಇದರಿಂದ 0.30ರಿಂದ 0.23ಕ್ಕೆ ಇಳಿಯಿತೆಂದು 2009ರ ಅಧ್ಯಯನವೊಂದು ಲೆಕ್ಕಹಾಕಿದೆ. ಹಣದ ತಡೆಯನ್ನು ತೆಗೆಯುವುದರ ಜೊತೆಗೆ ವಿಂಗಡಣೆಯ ತಡೆಯನ್ನೂ ತೆಗೆದಾಗ ಏನಾಗುತ್ತದೆಂಬುದಕ್ಕೆ ಇದು ಇರುವವುಗಳಲ್ಲಿ ಬಲವಾದ ಸಾಕ್ಷ್ಯ.

ಭಾರತಕ್ಕೂ ಐರ್ಲೆಂಡಿಗೂ ಈ ವಿಷಯದಲ್ಲಿ ನೇರವಾದ ನಂಟೊಂದಿದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗರಾವ್ 1947ರಲ್ಲಿ ಕೈಗೊಂಡ ಅಧ್ಯಯನ ಪ್ರವಾಸದಲ್ಲಿ ಐರ್ಲೆಂಡಿಗೂ ಹೋಗಿದ್ದರು. ರಾಜ್ಯನೀತಿಯ ನಿರ್ದೇಶಕ ತತ್ತ್ವಗಳ ಕಲ್ಪನೆ ಐರ್ಲೆಂಡಿನ 1937ರ ಸಂವಿಧಾನದಿಂದಲೇ ಬಂದದ್ದು. ಆ ಸಂವಿಧಾನ ಉಚಿತ ಪ್ರಾಥಮಿಕ ಶಿಕ್ಷಣವನ್ನಷ್ಟೇ ಹೇಳಿದರೆ, ಭಾರತದ ಸಂವಿಧಾನದ 45ನೆಯ ಅನುಚ್ಛೇದ ಹದಿನಾಲ್ಕರವರೆಗಿನ ಉಚಿತ, ಕಡ್ಡಾಯ ಶಿಕ್ಷಣವನ್ನು ನಿರ್ದೇಶಕ ತತ್ತ್ವವಾಗಿ ಇರಿಸಿತು. 2002ರ ತಿದ್ದುಪಡಿ ಮತ್ತು 2009ರ ಶಿಕ್ಷಣ ಹಕ್ಕು ಕಾಯಿದೆಗಳ ಅನಂತರವೂ ಹಕ್ಕಿನ ಗೆರೆ ಹದಿನಾಲ್ಕಕ್ಕೆ, ಎಂಟನೆಯ ತರಗತಿಗೇ ನಿಂತಿದೆ. ಪ್ರೌಢಶಾಲೆ ಸರಿಯಾಗಿ ಆ ಗೆರೆಯಾಚೆ ಬೀಳುತ್ತದೆ. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ್ದು ದೂರದ ತಡೆಯನ್ನು ಗುರುತಿಸಿದ ಕ್ರಮ. ಬಿಹಾರದಲ್ಲಿ ಇಂಥದೇ ಯೋಜನೆಯನ್ನು ಪರೀಕ್ಷಿಸಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಅದರಿಂದ 32 ಪ್ರತಿಶತ ಹೆಚ್ಚಿತೆಂದೂ ಶಾಲೆ ಮೂರು ಕಿಲೋಮೀಟರಿಗಿಂತ ದೂರವಿರುವ ಹಳ್ಳಿಗಳಲ್ಲಿ ಪರಿಣಾಮ ಹೆಚ್ಚಾಗಿತ್ತೆಂದೂ ಕಂಡುಕೊಂಡರು. ಐರಿಷ್ ಶಾಲಾ ಬಸ್ಸಿನ ಅನುಭವದೊಂದಿಗೆ ಇದು ಚೆನ್ನಾಗಿ ತಾಳೆಯಾಗುತ್ತದೆ.

ಐರ್ಲೆಂಡಿನಲ್ಲಿ ಇಂದು ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಲೀವಿಂಗ್ ಪರೀಕ್ಷೆಯವರೆಗೆ ಓದುತ್ತಾರೆ. ಹಿಂದುಳಿದ ಪ್ರದೇಶಗಳ ಶಾಲೆಗಳಿಗೆ ಹೆಚ್ಚಿನ ಅಧ್ಯಾಪಕರನ್ನೂ ಅನುದಾನವನ್ನೂ ಒದಗಿಸುವ ಯೋಜನೆಯೊಂದು 2005ರಿಂದ ನಡೆಯುತ್ತಿದೆ. ಫೀಜು ಪಡೆಯುವ ಸುಮಾರು ಐವತ್ತು ಶಾಲೆಗಳು ಈಗಲೂ ಇವೆ, ಅವುಗಳ ಅಧ್ಯಾಪಕರ ಸಂಬಳವನ್ನು ಸರ್ಕಾರವೇ ಕೊಡುತ್ತಿದೆ. ಉಚಿತ ಶಾಲೆಗಳಲ್ಲೂ ಸ್ವಇಚ್ಛೆಯ ದೇಣಿಗೆಯೆಂಬ ಹೆಸರಿನಲ್ಲಿ ಪಾಲಕರಿಂದ ಹಣ ಕೇಳುವುದು ಸಾಮಾನ್ಯವಾಗಿದೆ. ಪ್ರೌಢಶಾಲೆಯ ಮೊದಲ ಮೂರು ವರ್ಷಗಳ ಎಲ್ಲ ಮಕ್ಕಳಿಗೂ ಪಠ್ಯಪುಸ್ತಕಗಳು ಉಚಿತವಾಗಿ ಸಿಗತೊಡಗಿದ್ದು 2024ರ ಸೆಪ್ಟೆಂಬರಿನಿಂದ.